"ಮಾಡ್ಲಾ ಸರ್?" – ಶೆಕೋವಿನಿಂದ ಚಿಂಗ್‌ದಾವ್‌ವರೆಗೆ ಎಂಟು ದಿನ

ಪೀಣ್ಯದಲ್ಲಿ ನಮ್ಮದೊಂದು ಶೀಟ್ ಮೆಟಲ್ ಶಾಪ್ ಇದೆ. ಅಪ್ಪ ಕಟ್ಟಿದ್ದು. 38 ಜನ ಇದ್ದೇವೆ. ನನಗೆ ದಿನಕ್ಕೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತಿಗೆ ಬಂದು ನಿಲ್ಲುತ್ತವೆ: "ಮಾಡ್ಲಾ ಸರ್?" ಡೈ (ತಗಡು ಬಗ್ಗಿಸುವ ಅಚ್ಚು) ಚೇಂಜ್ ಮಾಡ್ಲಾ, ಗಾಡಿ ಕಳಿಸ್ಲಾ, ಇವತ್ತು ಓಟಿ ಮಾಡಿಸ್ಲಾ. ನಾನು "ಮಾಡು" ಅನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಅದನ್ನೇ ಅನ್ನುತ್ತೇನೆ. ಆದರೂ ಕೇಳುತ್ತಾರೆ, ನಾನೂ ಕೇಳಿಸಿಕೊಳ್ಳುತ್ತೇನೆ.

ಕಳೆದ ಅಕ್ಟೋಬರ್‌ನಲ್ಲಿ ಕ್ಯಾಂಟನ್ ಫೇರ್ ಅನ್ನುವ ದೊಡ್ಡ ವ್ಯಾಪಾರ ಮೇಳದ ನೆಪದಲ್ಲಿ ಚೀನಾಕ್ಕೆ ಹೊರಟಾಗ ಸೂಪರ್‌ವೈಸರ್‌ಗೆ ಹೇಳಿದ್ದೂ ಇಷ್ಟೇ: "ಏನೇ ಇದ್ರೂ ವಾಟ್ಸಾಪ್ ಮಾಡು, ಎಷ್ಟು ಹೊತ್ತಾದ್ರೂ ಪರವಾಗಿಲ್ಲ." ಎಂಥ ತಮಾಷೆ ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು.

ದಿನ 1 – ಶೆಕೋ

ವೀಸಾ, ಟಿಕೆಟ್ ಕಥೆ ಬೇಡ. ಒಂದು ಮಾತು ಮಾತ್ರ. ಬೆಂಗಳೂರಿನಿಂದ ಹಾಂಕಾಂಗ್‌ಗೆ ಇಳಿದವರು ಊರೊಳಗೆ ಹೋಗಬೇಕಾಗಿಲ್ಲ. ಏರ್‌ಪೋರ್ಟ್ ಒಳಗಿಂದಲೇ ಶೆನ್‌ಝೆನ್‌ನ ಶೆಕೋ ಬಂದರಿಗೆ ದೋಣಿ ಇದೆ. ಹಾಂಕಾಂಗ್ ಒಳಗೆ ಹೋಗಲು ನಮ್ಮ ಪಾಸ್‌ಪೋರ್ಟಿಗೆ ಮೊದಲೇ ಆನ್‌ಲೈನ್ ನೋಂದಣಿ ಬೇಕು. ಈ ದೋಣಿ ಹಿಡಿದರೆ ಆ ಕಿರಿಕಿರಿ ಇಲ್ಲ. ಲಗೇಜ್ ಚೀಟಿ ಮಾತ್ರ ಕಳೆದುಕೊಳ್ಳಬೇಡಿ. ದೋಣಿಯಲ್ಲಿ ಎಸಿ ಎಷ್ಟು ತಣ್ಣಗಿತ್ತು ಅಂದರೆ ಹೊರಗಿನ ಬಿಸಿಲನ್ನು ಗಾಜಿನಲ್ಲಿ ನೋಡಿಕೊಂಡು ನಡುಗುತ್ತಾ ಕೂತಿದ್ದೆ. ಪರ್ಲ್ ನದಿ ಸಮುದ್ರ ಸೇರುವ ಜಾಗ. ನೀರೆಲ್ಲ ಹಾಲು ಜಾಸ್ತಿ ಬಿದ್ದ ಟೀ ಬಣ್ಣ.

ಶೆಕೋದಲ್ಲಿ ಇಳಿದು ಮಾಡಿದ ಮೊದಲ ಕೆಲಸವೇ ತಪ್ಪು. ಅಗ್ಗ ಅಂತ ಅಲ್ಲಿಯ ಸಿಮ್ ತಗೊಂಡೆ. ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟೆ. ಹೋಟೆಲಿಗೆ ಬಂದು ವಾಟ್ಸಾಪ್ ತೆರೆದರೆ ಚಕ್ರ ತಿರುಗುತ್ತಲೇ ಇದೆ. ಅಲ್ಲಿಯ ಸಿಮ್‌ನಲ್ಲಿ ವಾಟ್ಸಾಪ್ ಇಲ್ಲ, ಗೂಗಲ್ ಇಲ್ಲ. ಈ ತಡೆ ದಾಟಲು ಊರಿಂದ ಹಾಕಿಕೊಂಡು ಹೋದ ವಿಪಿಎನ್ ಆ್ಯಪ್ ಎರಡು ನಿಮಿಷ ಉಸಿರಾಡಿ ಸತ್ತುಹೋಯಿತು. ನಮ್ಮೂರಿನ ಸಿಮ್‌ನ ರೋಮಿಂಗ್‌ನಲ್ಲಿ ಇವೆಲ್ಲ ನಡೆಯುತ್ತವೆ ಅನ್ನೋದು ನನಗೆ ಗೊತ್ತಾಗಿದ್ದು ಐದು ದಿನ ಆದ ಮೇಲೆ.

ಸಂಜೆ ದಾವಣಗೆರೆಯ ಹುಡುಗನೊಬ್ಬ ಸಿಕ್ಕಿದ. ಪರಿಚಯದವರ ಕಡೆಯವನು. ಒಂಬತ್ತು ವರ್ಷದಿಂದ ಇಲ್ಲೇ ಇದ್ದು ಎಲ್‌ಇಡಿ ಲೈಟಿನ ಸಾಮಾನು ಕೊಂಡು ಕಳಿಸುವ ಕೆಲಸ ಮಾಡುತ್ತಾನೆ. ಮೊದಲ ಹತ್ತು ನಿಮಿಷ ಬೆಣ್ಣೆ ದೋಸೆ ಬಗ್ಗೆಯೇ ಮಾತಾಡಿದ, ಕಣ್ಣು ತುಂಬಿಕೊಂಡು. ಆಮೇಲೆ ಸೀ ವರ್ಲ್ಡ್ ಅನ್ನುವ ಚೌಕಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ದೊಡ್ಡ ಬಿಳಿ ಹಡಗು ಊರ ನಡುವೆ ನಿಂತಿದೆ. ಹೆಸರು ಮಿಂಗ್‌ಹ್ವಾ. ಮೊದಲು ಅಲ್ಲಿ ಸಮುದ್ರವಿತ್ತು. ಸಮುದ್ರ ತುಂಬಿಸಿ ನೆಲ ಮಾಡಿದರು, ಹಡಗು ಅಲ್ಲೇ ಉಳಿಯಿತು.

ಅಲ್ಲಿಂದ ಅವನು ತೋರಿಸಿದ್ದು ಒಂದು ಬೋರ್ಡು. "ಸಮಯವೇ ಹಣ, ದಕ್ಷತೆಯೇ ಜೀವ" ಅಂತ ಚೀನೀ ಅಕ್ಷರಗಳು. ಶೆಕೋ ಕೈಗಾರಿಕಾ ವಲಯ ಶುರುವಾಗಿದ್ದು 1979ರಲ್ಲಿ, ಯುವಾನ್ ಗೆಂಗ್ ಎಂಬುವರ ಕೈಯಲ್ಲಿ. ಈ ಘೋಷಣೆ ಅವರದೇ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಬೋರ್ಡಲ್ಲ, ನಾಲ್ಕು ಫೆನ್ ಕಥೆ. ಆಗ ಇಲ್ಲಿ ಬಂದರು ಕಟ್ಟಲು ಲಾರಿಯಲ್ಲಿ ಮಣ್ಣು ಹೊಡೆಯುತ್ತಿದ್ದರು. ಎಷ್ಟು ಟ್ರಿಪ್ ಹೊಡೆದರೂ ಕೂಲಿ ಅಷ್ಟೇ, ಹಾಗಾಗಿ ಯಾರಿಗೂ ಅವಸರವಿಲ್ಲ. ದಿನಕ್ಕೆ 55 ಟ್ರಿಪ್ ಅಂತ ಗೊತ್ತು ಮಾಡಿ, ಅದಕ್ಕಿಂತ ಜಾಸ್ತಿ ಹೊಡೆದ ಪ್ರತಿ ಟ್ರಿಪ್‌ಗೆ 4 ಫೆನ್ ಅಂದರು. ಒಂದು ಯುಆನ್‌ಗೆ ನೂರು ಫೆನ್. ನಮ್ಮ ಲೆಕ್ಕದಲ್ಲಿ ನಾಲ್ಕು ಪೈಸೆ ಅನ್ನಿ. ಲಾರಿಗಳು ಓಡತೊಡಗಿದವು. ಇದು ಬಂಡವಾಳಶಾಹಿ ಬುದ್ಧಿ ಅಂತ ಮೇಲಿಂದ ತಡೆ ಬಂತು. ಲಾರಿಗಳು ಮತ್ತೆ ನಿಧಾನವಾದವು. 1980ರಲ್ಲಿ ಯುವಾನ್ ಗೆಂಗ್ ದೂರನ್ನು ಬೀಜಿಂಗಿನ ನಾಯಕರವರೆಗೂ ಒಯ್ದರು. ನಾಲ್ಕು ಫೆನ್ ವಾಪಸ್ ಬಂತು.

"ಹುವಾವೇದೂ ಇದೇ ಕಥೆ, ಸ್ವಲ್ಪ ದೊಡ್ಡದು ಅಷ್ಟೇ" ಅಂದ ಹುಡುಗ. ಫೋನ್, ಟೆಲಿಕಾಂ ಸಾಮಾನು ಮಾಡುವ ಆ ಕಂಪನಿಯ ಹೆಸರು ನಮ್ಮ ಬೆಂಗಳೂರಿಗೆ ಹೊಸದಲ್ಲ. 1999ರಿಂದ ಅವರ ಆರ್ ಅಂಡ್ ಡಿ ಕೇಂದ್ರ ಅಲ್ಲಿದೆ. 1987ರಲ್ಲಿ ಇದೇ ಶೆನ್‌ಝೆನ್‌ನಲ್ಲಿ 21,000 ಯುಆನ್ ಹಾಕಿ ಶುರುವಾದ ಕಂಪನಿ ಅದು. ಶುರು ಮಾಡಿದ ರೆನ್ ಝೆಂಗ್‌ಫೇ ಹತ್ತಿರ ಇವತ್ತು ಇರುವ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಉಳಿದದ್ದು ನೌಕರರ ಹೆಸರಿನಲ್ಲಿ, ಒಂದು ಯೂನಿಯನ್ ಮೂಲಕ. ಸರದಿ ಚೇರ್ಮನ್ ಕುರ್ಚಿ ಆರಾರು ತಿಂಗಳಿಗೆ ಮೂವರ ನಡುವೆ ಸುತ್ತುತ್ತದೆ. 1998ರಿಂದ ಐಬಿಎಂನವರನ್ನು ಕರೆಸಿ ಹೊಸ ಪ್ರಾಡಕ್ಟ್ ಮಾಡುವ ಪದ್ಧತಿಯನ್ನೇ ಬದಲಿಸಿದರು. ಅಮೆರಿಕದ ಶೂ ಹಿಡಿಸದಿದ್ದರೆ ಕಾಲನ್ನೇ ಕತ್ತರಿಸಿಕೊಳ್ಳಿ ಅಂದಿದ್ದರಂತೆ ರೆನ್.

"ಮತ್ತೆ ರಾತ್ರಿ ಆಫೀಸಲ್ಲೇ ಮಲಗಿ ದುಡಿಯೋಕೆ ಮೇಜಿನ ಕೆಳಗೆ ಹಾಸಿಗೆ?" ಅಂದೆ.

"ಅದೂ ಇತ್ತು ಸರ್. ಷೇರೂ ಇತ್ತು, ಹಾಸಿಗೆನೂ ಇತ್ತು. ಜನ ಒಂದನ್ನ ಹೇಳಿ ಇನ್ನೊಂದು ಬಿಡ್ತಾರೆ."

ದಿನ 2 – ಹ್ವಾಚಿಯಾಂಗ್‌ಬೇಯಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್ ನೋಡಿದವರಿಗೆ ಶೆನ್‌ಝೆನ್‌ನ ಹ್ವಾಚಿಯಾಂಗ್‌ಬೇಯಿ ಅರ್ಥವಾಗುತ್ತದೆ. ಎಸ್‌ಪಿ ರೋಡನ್ನು ಹತ್ತು ಮಹಡಿ ಎತ್ತರಕ್ಕೆ ಮಡಿಚಿ, ಎಸಿ ಹಾಕಿ, ಅಂಥದ್ದನ್ನು ಇಪ್ಪತ್ತು ಸಾಲಾಗಿ ಇಟ್ಟ ಹಾಗೆ. ಒಂದೊಂದು ಅಂಗಡಿ ನಮ್ಮ ಬೀಡಾ ಅಂಗಡಿಯಷ್ಟು. ಎಲ್ಲ ಕಡೆ ಒಂದೇ ಸದ್ದು: ಪ್ಯಾಕಿಂಗ್ ಟೇಪ್ ಎಳೆಯುವ ಚರ್‍ರ್. ಕೌಂಟರ್ ಕೆಳಗೆ ಮಕ್ಕಳು ಕೂತು ಹೋಮ್‌ವರ್ಕ್ ಮಾಡುತ್ತಿರುತ್ತವೆ.

ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸಿಗೆ ನಮ್ಮ ಬಾಕ್ಸ್‌ಗೆ ಬೇಕಾದ ಒಂದು ಪವರ್ ಬೋರ್ಡ್ ತೋರಿಸಿದೆ. ತೂತು ನಾಲ್ಕು ಮಿಲಿಮೀಟರ್ ಆಚೆ ಬೇಕಿತ್ತು. ನಮ್ಮಲ್ಲಾದರೆ "ಕೇಳಿ ಹೇಳ್ತೀನಿ ಸರ್, ಸೋಮವಾರ ಬನ್ನಿ." ಇವಳು ಫೋನ್ ಬಾಯಿ ಹತ್ತಿರ ಹಿಡಿದು ಯಾರಿಗೋ ವಾಯ್ಸ್ ಮೆಸೇಜ್ ಒದರಿದಳು. ಮಗನ ಗಣಿತದ ಪುಸ್ತಕದಲ್ಲಿ ಏನೋ ತಿದ್ದಿದಳು. ಫೋನ್ ಟಿಂಗ್ ಅಂದಿತು. ಕ್ಯಾಲ್ಕುಲೇಟರ್‌ನಲ್ಲಿ ರೇಟು ಒತ್ತಿ ನನ್ನ ಕಡೆ ತಿರುಗಿಸಿದಳು. ಇದೆಲ್ಲಾ ಸೇರಿ ಹತ್ತು ನಿಮಿಷ ಆಗಿರಬಹುದು.

ಇದು ಹೇಗೆ ಸಾಧ್ಯ ಅಂತ ದಾವಣಗೆರೆಯವನು ಬಿಡಿಸಿ ಹೇಳಿದ. ಇಲ್ಲಿ "ಗೊಂಗ್‌ಬಾನ್" ಅಂತ ಒಂದಿದೆ. ಅಂದರೆ ಎಲ್ಲರಿಗೂ ಸೇರಿದ ಬೋರ್ಡ್. ಡಿಸೈನ್ ಮಾಡುವವನೊಬ್ಬ ಬೋರ್ಡ್ ಮಾಡಿ ಹತ್ತಾರು ಕಡೆ ಕೊಡುತ್ತಾನೆ. ಅದರ ಸುತ್ತ ಡಬ್ಬಿ ಯಾವುದಾದರೂ ಹಾಕಿಕೊಳ್ಳಿ, ಹೆಸರು ಯಾವುದಾದರೂ ಬರೆದುಕೊಳ್ಳಿ. ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಪೇಟೆಗೆ ಬಂದ, ಎರಡು ಸಿಮ್ಮಿನ, ಕಿವುಡಾಗುವಷ್ಟು ದೊಡ್ಡ ಸ್ಪೀಕರಿನ ಚೀನಾ ಮೊಬೈಲ್‌ಗಳು ನೆನಪಿರಬಹುದು. ಅವು ಹುಟ್ಟಿದ್ದು ಹೀಗೆ. ಒಂದೇ ಕಂಪನಿ ಎಲ್ಲ ಮಾಡುವುದಿಲ್ಲ. ಒಂದು ಬೀದಿಯೇ ಕಂಪನಿ.

ದುಡ್ಡಿನ ವಿಷಯ: ನೋಟು ತೆಗೆದರೆ ಜನ ನಿಮ್ಮನ್ನ ಮ್ಯೂಸಿಯಂನಿಂದ ಬಂದವರಂತೆ ನೋಡುತ್ತಾರೆ. ಊರಲ್ಲೇ ಅಲಿಪೇ ಹಾಕಿಕೊಂಡು ಕಾರ್ಡ್ ಸೇರಿಸಿಕೊಳ್ಳಿ. ಒಂದೇ ಸಲ 200 ಯುಆನ್ ದಾಟಿದರೆ ಶೇಕಡಾ 3 ಹಿಡಿಯುತ್ತಾರೆ. ನಾನು 380 ಯುಆನ್ ಸಾಮಾನಿಗೆ ಎರಡು ಬಿಲ್ ಮಾಡಿಸಿದೆ. ಆ ಹೆಂಗಸು ನಕ್ಕು ಏನೋ ಅಂದಳು. ಜುಗ್ಗ ಅಂತಲೇ ಇರಬೇಕು.

ದಿನ 3 – ಗ್ವಾಂಗ್‌ಝೌ

ಕ್ಯಾಂಟನ್ ಫೇರ್ 1957ರಿಂದ ನಡೆಯುತ್ತಿದೆ. ಕಾಲು ನೋವು ಬಿಟ್ಟು ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹಳೇ ಶೂ ಹಾಕಿಕೊಂಡು ಹೋಗಿ. ಅಕ್ಟೋಬರ್ ಮೊದಲ ವಾರ ಮಾತ್ರ ಚೀನಾಕ್ಕೆ ಹೋಗಲೇಬೇಡಿ, ಇಡೀ ದೇಶ ರಜೆಯಲ್ಲಿ ರಸ್ತೆ ಮೇಲಿರುತ್ತದೆ.

ಸಂಜೆ ಹೋಟೆಲ್ ಫೋನಿನಿಂದ ಮನೆಗೆ ಕಾಲ್ ಮಾಡಿದೆ. ಅಪ್ಪ ಎತ್ತಿದರು. "ಶಾಪ್ ಹೆಂಗಿದೆ?" ಅಂದೆ. "ಅಲ್ಲೇ ಇದೆ" ಅಂದರು. "ಐಎಸ್‌ಡಿಗೆ ಸುಮ್ನೆ ಕಾಸು ಹಾಳು ಮಾಡಬೇಡ" ಅಂತ ಇಟ್ಟುಬಿಟ್ಟರು.

ದಿನ 4 – ಶುನ್‌ದ

ಗ್ವಾಂಗ್‌ಝೌ ದಕ್ಷಿಣ ನಿಲ್ದಾಣದಿಂದ ಶುನ್‌ದದ ಬೇಯ್‌ಜಿಯಾವ್‌ಗೆ ಸಣ್ಣ ರೈಲು ಪ್ರಯಾಣ. ಅಲ್ಲಿಯವರು ಗುರುತಿನ ಚೀಟಿ ಒತ್ತಿ ಗೇಟ್ ದಾಟುತ್ತಾರೆ; ನಾವು ಪಾಸ್‌ಪೋರ್ಟ್ ಹಿಡಿದು ಪಕ್ಕದ, ಮನುಷ್ಯ ನಿಂತಿರುವ ಸಾಲಿಗೆ ಹೋಗಬೇಕು. ಇದು ಗೊತ್ತಿಲ್ಲದೆ ಗೇಟಿನ ಗಾಜಿಗೆ ಪಾಸ್‌ಪೋರ್ಟ್ ಉಜ್ಜುತ್ತಾ ನಿಂತು ಒಂದು ರೈಲು ಬಿಟ್ಟೆ.

ಶುನ್‌ದ ಅಂದರೆ ಕಾಲುವೆ, ಮೀನಿನ ಕೊಳ, ಆಲದ ಮರ. ಊಟಕ್ಕೆ ಹೆಸರಾದ ಊರು. ನಾನು ಮೊಟ್ಟೆ ತಿನ್ನುತ್ತೇನೆ, ಅದರಾಚೆ ಇಲ್ಲ. "ನಾನು ಸಸ್ಯಾಹಾರಿ" ಅನ್ನಲು "ವೋ ಚ್ರ್ ಸು" ಅಂತ ಕಲಿತುಕೊಂಡಿದ್ದೆ. ಹೋಟೆಲಿನಲ್ಲಿ ಗಟ್ಟಿಯಾಗಿ "ವೋ ಚ್ರ್ ತ್ಸು" ಅಂದೆ. ಬಡಿಸುವ ಹುಡುಗಿ ಬಾಯಿ ಮುಚ್ಚಿಕೊಂಡಳು. ಪಕ್ಕದ ಟೇಬಲ್‌ನವರು ಚಾಪ್‌ಸ್ಟಿಕ್ ಕೆಳಗಿಟ್ಟು ನಕ್ಕರು. "ಚ್ರ್ ತ್ಸು" ಅಂದರೆ ವಿನಿಗರ್ ತಿನ್ನುವುದು. ಆಡುಮಾತಿನಲ್ಲಿ ಹೊಟ್ಟೆಕಿಚ್ಚು ಪಡುವುದು. "ನನಗೆ ಹೊಟ್ಟೆಕಿಚ್ಚು" ಅಂತ ಹೋಟೆಲ್ ತುಂಬಾ ಸಾರಿದ್ದೆ. ಬಂದ ಕೆಲಸ ನೋಡಿದರೆ ಅಷ್ಟೇನೂ ಸುಳ್ಳಲ್ಲ.

ಕೊನೆಗೆ ಹೊಟ್ಟೆ ತುಂಬಿಸಿದ್ದು ಶ್ವಾಂಗ್‌ಪಿನಾಯ್, ಎರಡು ಕೆನೆಯ ಹಾಲು. ಎಮ್ಮೆ ಹಾಲನ್ನು ಮೊಟ್ಟೆಯ ಬಿಳಿಯ ಜೊತೆ ಹಬೆಯಲ್ಲಿ ಗಟ್ಟಿ ಮಾಡುತ್ತಾರೆ. ಬಾಯಿಗಿಟ್ಟ ಕೂಡಲೇ ಅಜ್ಜಿ ಮನೆಯ ಗಿಣ್ಣು. ಏಲಕ್ಕಿ ಒಂದಿಲ್ಲ. ಎರಡು ಬಟ್ಟಲು ತಿಂದೆ. ಮೂರನೆಯದು ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಹೆಪ್ಪಾಗಿಸಿದ್ದು. ಸುರಿದ ಮೇಲೆ ಅಲ್ಲಾಡಿಸಬಾರದು ಅಂತ ಆ ಹುಡುಗಿ ನನ್ನ ಕೈ ಹಿಡಿದು ತಡೆದಳು.

ಬೇಯ್‌ಜಿಯಾವ್ ಮಿಡಿಯಾ ಕಂಪನಿಯ ಊರು. 1968ರಲ್ಲಿ ಹೆ ಶಿಯಾಂಗ್‌ಜಿಯಾನ್ ಎಂಬುವರು ಊರಿನ 23 ಜನರನ್ನು ಸೇರಿಸಿ, 5,000 ಯುಆನ್ ಕೂಡಿಸಿ, ಬಾಟಲಿ ಮುಚ್ಚಳ ಮಾಡಲು ಶುರು ಮಾಡಿದರು. ಆಮೇಲೆ ಫ್ಯಾನ್, ಆಮೇಲೆ ಎಸಿ. 1990ರ ದಶಕದ ನಡುವೆ ಕಂಪನಿ ದೊಡ್ಡದಾಗಿತ್ತು, ಆದರೆ ಎಲ್ಲ ಕಾಗದವೂ ಹೆ ಅವರ ಮೇಜಿಗೇ ಬರುತ್ತಿತ್ತು. ಫ್ಯಾನ್ ಮಾರುವವನೇ ರೈಸ್ ಕುಕ್ಕರ್ ಮಾರಬೇಕು, ಎಸಿನೂ ಮಾರಬೇಕು. ಮಾರಾಟ ಜಾರಿತು. 1997ರಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ವಿಭಾಗ ಮಾಡಿ ಬಿಟ್ಟುಕೊಟ್ಟರು. ಡಿಸೈನ್, ತಯಾರಿಕೆ, ಮಾರಾಟ ಎಲ್ಲ ಆಯಾ ವಿಭಾಗಕ್ಕೆ. ಲಾಭ-ನಷ್ಟದ ಹೊಣೆಯೂ ಅವರದೇ. ಯಾವ ವಿಷಯ ಯಾವ ಮಟ್ಟದಲ್ಲಿ ತೀರ್ಮಾನವಾಗಬೇಕು ಅಂತ ಒಂದು ಕೈಪಿಡಿಯನ್ನೇ ಬರೆಸಿದರು. ಅದಕ್ಕೆ "ಫೆನ್‌ಚ್ವಾನ್", ಅಧಿಕಾರ ಹಂಚಿಕೆ, ಅನ್ನುತ್ತಾರೆ.

2012ರಲ್ಲಿ ಹೆ ಕುರ್ಚಿ ಬಿಟ್ಟರು. ಮಗನಿಗೆ ಕೊಡಲಿಲ್ಲ. ಕೊಟ್ಟಿದ್ದು ಫಾಂಗ್ ಹೊಂಗ್‌ಬೋಗೆ. 1992ರಲ್ಲಿ ಕಂಪನಿಯ ಒಳಗಿನ ಪತ್ರಿಕೆಗೆ ಸಂಪಾದಕನಾಗಿ ಸೇರಿದ್ದ ಮನುಷ್ಯ ಆತ. ನಾಲ್ಕೈದು ವರ್ಷದೊಳಗೆ ಜರ್ಮನಿಯ ಕುಕಾ ರೋಬೋ ಕಂಪನಿಯನ್ನೇ ಕೊಂಡರು. ಇದನ್ನು ಓದಿದಾಗ ನಾನು ಕಾಲುವೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ನನಗೀಗ 47. ಐವತ್ತು ಸಾವಿರ ದಾಟಿದ ಚೆಕ್ಕಿಗೆ ಈಗಲೂ ಅಪ್ಪನ ಸಹಿ ಬೇಕು.

ದಿನ 5 – ಒಂದು ಶಾಪ್

ನಮಗೆ ಡೈ ಕಳಿಸುವ ಸಣ್ಣ ಕಾರ್ಖಾನೆ ಶುನ್‌ದದಲ್ಲೇ ಇದೆ. 120 ಜನ. ಹೆಸರು ಬೇಡ, ಮಾಲೀಕರಿಗೆ ಇಷ್ಟವಾಗಲಿಕ್ಕಿಲ್ಲ. ಬೆಳಗ್ಗೆ 8ಕ್ಕೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ನಿನ್ನೆಯ ರಿಜೆಕ್ಷನ್ ಎಷ್ಟು ಅಂತ ಕೇಳಿಸಿಕೊಳ್ಳುತ್ತಾರೆ. ನಮ್ಮ ಶಾಲೆಯ ಪ್ರಾರ್ಥನೆ ನೆನಪಾಯಿತು. ಹಿಂದಿನ ಸಾಲಿನವರು ಇಲ್ಲಿಯೂ ಫೋನ್ ನೋಡುತ್ತಾರೆ.

ಒಂದು ಪ್ರೆಸ್ ಬ್ರೇಕಿನ, ಅಂದರೆ ತಗಡು ಬಗ್ಗಿಸುವ ಮಷಿನ್ನಿನ, ಮೇಲೆ ಕೆಂಪು ಫಲಕ. ಏನಂತ ಕೇಳಿದೆ. "ಪಕ್ಷದ ಸದಸ್ಯರ ಮಾದರಿ ಜಾಗ" ಅಂತ. ಆ ಮಷಿನ್ ನಡೆಸುವವನು ಕಮ್ಯುನಿಸ್ಟ್ ಪಕ್ಷದ ಸದಸ್ಯ, ಹಾಗಾಗಿ ಅವನ ಕೆಲಸ ಉಳಿದವರಿಗೆ ಮಾದರಿಯಾಗಿರಬೇಕು. ಮೂರು ಜನ ಸದಸ್ಯರಿದ್ದರೆ ಖಾಸಗಿ ಕಂಪನಿಯಲ್ಲೂ ಪಕ್ಷದ ಶಾಖೆ ಇರಬೇಕು ಅನ್ನೋದು ಅಲ್ಲಿಯ ನಿಯಮ. ಕೆಲಸಕ್ಕೆ ಇದರಿಂದ ಏನು ಉಪಯೋಗ ಅಂದೆ. ಮಾಲೀಕರು ಟೀ ಸುರಿಯುತ್ತಾ, "ಊರಿನ ಆಫೀಸಿನಲ್ಲಿ ಬಾಗಿಲು ಬೇಗ ತೆರೆಯುತ್ತೆ" ಅಂದರು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ನಾನು ಕಾಯುತ್ತಿದ್ದದ್ದು ಡೈ ಚೇಂಜ್‌ಗೆ. 25-26ರ ಹುಡುಗನೊಬ್ಬ ಮಷಿನ್ ನಿಲ್ಲಿಸಿದ. ಡೈನ ಅಂಚಿನ ಮೇಲೆ ಉಗುರು ಎಳೆದ. ತಲೆ ಅಲ್ಲಾಡಿಸಿದ. ಗಾಡಿ ತಳ್ಳಿಕೊಂಡು ಹೋಗಿ ಬೇರೆ ಡೈ ತಂದು ಕೂರಿಸಿದ. ಒಂದು ಪೀಸ್ ಬಗ್ಗಿಸಿ, ಕೋನ ಅಳೆದು, ಗೋಡೆಗೆ ನೇತುಹಾಕಿದ ಹಾಳೆಯಲ್ಲಿ ಬರೆದ. ಮತ್ತೆ ಶುರು. ಯಾರನ್ನೂ ಕೇಳಲಿಲ್ಲ. ಮಾಲೀಕರು ಐದು ಅಡಿ ದೂರದಲ್ಲೇ ನಿಂತಿದ್ದರು. ಅವನು ಇವರ ಕಡೆ ತಿರುಗಿಯೂ ನೋಡಲಿಲ್ಲ.

"ತಪ್ಪು ಮಾಡಿದ್ರೆ?" ಅಂತ ಫೋನಿನ ಅನುವಾದಕ್ಕೆ ಹೇಳಿದೆ.

ಮಾಲೀಕರು ಆ ಗೋಡೆಯ ಹಾಳೆ ತೋರಿಸಿದರು. ಲೈನ್ ಲೀಡರ್ 500 ಯುಆನ್‌ವರೆಗಿನ ಸ್ಕ್ರ್ಯಾಪ್ ಅನ್ನು ಯಾರನ್ನೂ ಕೇಳದೆ ಬರೆದುಹಾಕಬಹುದು. ದಾಟಿದರೆ ಮಾತ್ರ ಮೇಲಕ್ಕೆ ಬರಬೇಕು. "ಮೊದಲ ವರ್ಷ ಈ ಹಾಳೆ ನೋಡಿ ನನಗೆ ನಿದ್ದೆ ಬರ್ತಿರಲಿಲ್ಲ" ಅಂದರು. ಅನುವಾದ ಹೇಳಿದ್ದು "ನಾನು ಹಾಳೆಯೊಂದಿಗೆ ಮಲಗಲಿಲ್ಲ" ಅಂತ. ಇಬ್ಬರೂ ನಕ್ಕೆವು.

ಮಧ್ಯಾಹ್ನ 12:30ಕ್ಕೆ ದೀಪಗಳೆಲ್ಲ ಆರಿದವು. ಕರೆಂಟ್ ಹೋಯಿತು ಅಂದುಕೊಂಡೆ. ಇಲ್ಲ, ನಿದ್ದೆ ಸಮಯ. ರಟ್ಟಿನ ಹಾಳೆ, ಮಡಿಸುವ ಮಂಚ, ಕುರ್ಚಿ, ಎಲ್ಲ ಕಡೆ ಜನ ಮಲಗಿದ್ದಾರೆ. ಆ ಡೈ ಹುಡುಗ ತನ್ನ ಮಷಿನ್ ಪಕ್ಕವೇ, ಬೂಟು ಬಿಚ್ಚಿ ತಲೆ ಹತ್ತಿರ ಇಟ್ಟುಕೊಂಡು. ಇದು ಚೆಂದ ಕಾಣುತ್ತದೆ. ಆದರೆ ಲೆಕ್ಕವೂ ಹೇಳಬೇಕು. ಅವನದು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇನ್ನೂ ಜಾಸ್ತಿ, ಅದಕ್ಕೆ "996" ಅನ್ನುತ್ತಾರೆ: ಬೆಳಗ್ಗೆ 9ರಿಂದ ರಾತ್ರಿ 9, ಆರು ದಿನ. ಅದು ಕಾನೂನಿಗೆ ವಿರುದ್ಧ ಅಂತ 2021ರಲ್ಲಿ ಅಲ್ಲಿಯ ಸುಪ್ರೀಂ ಪೀಪಲ್ಸ್ ಕೋರ್ಟ್ ಹೇಳಿದೆ. ಈ ಹುಡುಗನ ಹತ್ತಿರ ಯಾರೂ ಆ ಸುದ್ದಿ ಚರ್ಚಿಸಿದ ಹಾಗೆ ಕಾಣಲಿಲ್ಲ.

ದಿನ 6 – ಚಿಂಗ್‌ದಾವ್

ಉತ್ತರಕ್ಕೆ ಮೂರು ಗಂಟೆ ವಿಮಾನ, ಬೇರೆಯೇ ದೇಶ ಅನ್ನಿಸಿತು. ಗ್ವಾಂಗ್‌ಝೌನಲ್ಲಿ ಬೆವರು, ಇಲ್ಲಿ ಸ್ವೆಟರ್. ಏರ್‌ಪೋರ್ಟ್ ನಕ್ಷತ್ರ ಮೀನಿನ ಆಕಾರದ್ದು, ಊರಿಂದ ದೂರ. ಮೆಟ್ರೋ ಇದೆ, ಆದರೆ ಸೂಟ್‌ಕೇಸ್ ಭಾರ ಇದ್ದರೆ ಬಸ್ಸೇ ಸುಖ.

ಹಳೇ ಊರು ಜರ್ಮನ್ನರು ಬಿಟ್ಟುಹೋದದ್ದು. ಕೆಂಪು ಹೆಂಚಿನ ಮನೆಗಳು. ಒಂದು ಗಳಿಗೆ ಮಂಗಳೂರು ಅನ್ನಿಸಿತು. 1903ರಲ್ಲಿ ಶುರುವಾದ ಬಿಯರ್ ಕಾರ್ಖಾನೆಯೂ ಅವರದೇ ಬಳುವಳಿ. ಬಿಯರನ್ನು ಪ್ಲಾಸ್ಟಿಕ್ ಕವರಿಗೆ ಹಿಡಿದು ತೂಕ ಹಾಕಿ ಕೊಡುತ್ತಾರೆ. ನಮ್ಮೂರ ಪಾರ್ಸಲ್ ಸಾಂಬಾರಿನ ಥರ. ಒಂದು ಕೆ.ಜಿ. ಬಿಯರ್ ಕೈಯಲ್ಲಿ ನೇತಾಡಿಸಿಕೊಂಡು ದಿಣ್ಣೆ ಹತ್ತುವಾಗ ಗಂಟು ಸಡಿಲವಾಗಿ ಅರ್ಧ ಪ್ಯಾಂಟಿನ ಮೇಲೆ ಹೋಯಿತು.

ಗೆಸ್ಟ್‌ಹೌಸಿನ ಅಜ್ಜಿ ಪ್ಯಾಂಟ್ ಒಗೆಯಲು ಇಸಿದುಕೊಂಡರು. ಜೇಬು ಖಾಲಿ ಮಾಡುವಾಗ ಪರ್ಸಿನಿಂದ ನನ್ನ ಹಳೇ ಸಿಮ್ ಬಿತ್ತು. ಸುಮ್ನೆ ನೋಡೋಣ ಅಂತ ಹಾಕಿ, ರೋಮಿಂಗ್ ಪ್ಯಾಕ್ ಹಾಕಿಸಿದೆ. ಫೋನ್ ನಡುಗಲು ಶುರುವಾಯಿತು. ವಾಟ್ಸಾಪ್, ಐದು ದಿನದ್ದು, ಒಟ್ಟಿಗೆ.

ಮಂಚದ ಮೇಲೆ ಕೂತು ಮೇಲಿಂದ ಓದಿದೆ. ಮೊದಲ ದಿನ 31 ಮೆಸೇಜು. "6 ಎಂಎಂ ಡೈ ಹಾಕ್ಲಾ ಸರ್?" "ಸರ್?" "ಸರ್ ಗಾಡಿಯವ್ನು ಕಾಯ್ತಿದ್ದಾನೆ." ಎರಡನೇ ದಿನ: "ಸರ್ ಒಂದೇ ಟಿಕ್ ಬರ್ತಿದೆ." ಮೂರನೇ ದಿನ: "ಡೈ ಚೇಂಜ್ ಮಾಡಿದ್ವಿ ಸರ್. ನೀವು ಬಯ್ಯಬೇಡಿ." ನಾಲ್ಕನೇ ದಿನ ನಾಲ್ಕು ಮೆಸೇಜು, ಎಲ್ಲವೂ "-ದ್ವಿ"ಯಲ್ಲಿ ಮುಗಿದವು: ಕಳಿಸಿದ್ವಿ, ತರಿಸಿದ್ವಿ, ರಿಪೇರಿ ಮಾಡಿಸಿದ್ವಿ. ಐದನೇ ದಿನ ಒಂದು ಫೋಟೋ ಮಾತ್ರ. ಸ್ಕ್ರ್ಯಾಪ್ ಡಬ್ಬಿ. ಉಲ್ಟಾ ಬಗ್ಗಿಸಿದ ಬ್ರಾಕೆಟ್‌ಗಳು. ಎಣಿಸಿದೆ, ಕಾಣುವವೇ ನಲವತ್ತರ ಮೇಲೆ.

ಬಯ್ಯಲು ಉದ್ದಕ್ಕೆ ಟೈಪ್ ಮಾಡಿದೆ. ಅಳಿಸಿದೆ. "ನೋಡಿದೆ" ಅಂತ ಹಾಕಿದೆ. ಎರಡು ನೀಲಿ ಟಿಕ್ ತಕ್ಷಣ ಬಿದ್ದವು. ಉತ್ತರ ಬರಲಿಲ್ಲ.

ದಿನ 7 – ಹೈಯರ್ ರಸ್ತೆ

ಊರಿನ ಪೂರ್ವಕ್ಕೆ ಲಾವ್‌ಶಾನ್ ಕಡೆ ಒಂದು ರಸ್ತೆಗೆ ಕಂಪನಿಯ ಹೆಸರೇ ಇದೆ. ನಮ್ಮ ಮನೆಯ ಫ್ರಿಜ್ಜೂ ಹೈಯರ್‌ದೇ. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಅವರ ಕಾರ್ಖಾನೆ ಇದೆ. ಫೇರ್‌ನಲ್ಲಿ ಸಿಕ್ಕ ಖರೀದಿದಾರರ ಗುಂಪಿನ ಜೊತೆ ಸೇರಿಕೊಂಡು ಒಳಗೆ ಹೋದೆ.

1984ರ ಕೊನೆಗೆ ಝಾಂಗ್ ರುಯಿಮಿನ್ ಬಂದಾಗ ಇದು ಮುಳುಗುತ್ತಿದ್ದ ಒಂದು ಫ್ರಿಜ್ ಕಾರ್ಖಾನೆ. ಅದೇ ವರ್ಷದಲ್ಲಿ ಬಂದ ನಾಲ್ಕನೇ ಡೈರೆಕ್ಟರ್ ಅವರು. ನಷ್ಟ 14 ಲಕ್ಷ 70 ಸಾವಿರ ಯುಆನ್. ಮೊದಲು ಹಾಕಿದ 13 ನಿಯಮಗಳಲ್ಲಿ ಒಂದು: ವರ್ಕ್‌ಶಾಪ್ ಒಳಗೆ ಒಂದಕ್ಕೆ, ಎರಡಕ್ಕೆ ಹೋಗಬಾರದು. ಇದನ್ನು ಗೈಡ್ ಹುಡುಗಿ ನಾಚಿಕೊಳ್ಳದೆ ಹೇಳಿದಳು. ನಾವೇ ನಾಚಿಕೊಂಡೆವು.

1985ರಲ್ಲಿ ಒಬ್ಬ ಗಿರಾಕಿ ಫ್ರಿಜ್ ಕೆಟ್ಟಿದೆ ಅಂತ ಬಂದ. ಗೋದಾಮಿನ 400 ಫ್ರಿಜ್ ತೆರೆಸಿ ನೋಡಿದರೆ 76ರಲ್ಲಿ ದೋಷ. ಕಡಿಮೆ ರೇಟಿಗೆ ನಮಗೇ ಕೊಡಿ ಅಂದರು ಕೆಲಸಗಾರರು. ಆಗ ಒಂದು ಫ್ರಿಜ್ಜಿಗೆ 800 ಯುಆನ್, ಎರಡು ವರ್ಷದ ಸಂಬಳ. ಝಾಂಗ್ ಒಪ್ಪಲಿಲ್ಲ. ಯಾರು ಮಾಡಿದ್ದರೋ ಅವರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. ಆ ಸುತ್ತಿಗೆ ಈಗ ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ರಾತ್ರಿ ಈ ಕಥೆಯನ್ನು ಅಜ್ಜಿಗೆ ಹೇಳಿದಾಗ ಅವರಿಗೆ ಸಿಟ್ಟು ಬಂತು. "ನಲವತ್ತು ವರ್ಷದಿಂದ ಕೇಳ್ತಿದ್ದೀನಿ. ಒಂದು ನನಗೆ ಕೊಟ್ಟಿದ್ರೆ ಏನಾಗ್ತಿತ್ತು? ಗೀಚು ಬಿದ್ದಿದ್ರೆ ತರಕಾರಿ ಕೆಡುತ್ತಾ?"

ನನಗೆ ಜಾಸ್ತಿ ಹಿಡಿಸಿದ್ದು ಪಾದದ ಕಥೆ. ಆ ಕಾಲದಲ್ಲಿ ಶಾಪ್ ನೆಲದ ಮೇಲೆ ಎರಡು ದೊಡ್ಡ ಹೆಜ್ಜೆ ಗುರುತು ಬರೆದಿರುತ್ತಿದ್ದರು. ಅವತ್ತು ಕೆಲಸ ಕೆಡಿಸಿದವನು ಅದರ ಮೇಲೆ ನಿಂತು ಎಲ್ಲರೆದುರು ಯಾಕೆ ಹೀಗಾಯಿತು ಅಂತ ಹೇಳಬೇಕು. ಅಮೆರಿಕದ ಕ್ಯಾಮ್ಡನ್‌ನಲ್ಲಿ ಕಾರ್ಖಾನೆ ಹಾಕಿದಾಗ ಅಲ್ಲಿಯವರು ನಾವು ನಿಲ್ಲಲ್ಲ ಅಂದರು. ಕೊನೆಗೆ ಅದನ್ನು ತಿರುಗಿಸಿದರು: ಚೆನ್ನಾಗಿ ಮಾಡಿದವನು ನಿಂತು ಹೇಗೆ ಮಾಡಿದೆ ಅಂತ ಹೇಳಲಿ. ಹೆಜ್ಜೆ ಗುರುತು ಅದೇ.

2005ರಲ್ಲಿ ಝಾಂಗ್ "ರೆನ್‌ದಾನ್‌ಹೆಯಿ" ಅನ್ನುವ ಪದ್ಧತಿ ಸಾರಿದರು. "ರೆನ್" ಅಂದರೆ ಕೆಲಸಗಾರ, "ದಾನ್" ಅಂದರೆ ಗಿರಾಕಿಗೆ ಬೇಕಾದದ್ದು, "ಹೆಯಿ" ಅಂದರೆ ಒಂದಾಗುವುದು. ಮುಂದಿನ ವರ್ಷಗಳಲ್ಲಿ ಕಂಪನಿಯನ್ನು ಸಾವಿರಾರು ಪುಟ್ಟ ಕಂಪನಿಗಳಾಗಿ ಒಡೆದರು. ಒಂದೊಂದರಲ್ಲಿ ಹತ್ತು ಹದಿನೈದು ಜನ. ಏನು ಮಾಡಬೇಕು, ಯಾರನ್ನು ತಗೋಬೇಕು, ದುಡ್ಡು ಹೇಗೆ ಹಂಚಬೇಕು, ಮೂರೂ ಅವರ ಕೈಗೆ. ಗಿರಾಕಿ ಸಿಗದಿದ್ದರೆ ಗುಂಪು ಕರಗುತ್ತದೆ. 2013ರಲ್ಲಿ ಮೂವರು ಹುಡುಗರು ಗೇಮಿಂಗ್ ಲ್ಯಾಪ್‌ಟಾಪ್ ಮೇಲಿನ 30,000 ಆನ್‌ಲೈನ್ ದೂರುಗಳನ್ನು ಓದಿ ಒಂದು ಗುಂಪು ಕಟ್ಟಿದರು. ಅದು ಬೆಳೆದು 2022ರಲ್ಲಿ ಬೀಜಿಂಗ್ ಷೇರುಪೇಟೆ ಏರಿತು. ಥಂಡರೋಬಾಟ್ ಅಂತ. ನನ್ನ ಮಗನಿಗೆ ಹೆಸರು ಗೊತ್ತಿತ್ತು, ನನಗಿರಲಿಲ್ಲ.

ಗೈಡ್ ಬೇಗ ದಾಟಿಸಿದ್ದು ಒಂದು ಸಂಖ್ಯೆ. ಈ ಬದಲಾವಣೆಯಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮಧ್ಯದ ಮ್ಯಾನೇಜರ್‌ಗಳ ಕುರ್ಚಿ ಹೋಯಿತು. ಗುಂಪು ಕಟ್ಟಿಕೋ, ಇಲ್ಲ ಹೊರಡು. 76 ಫ್ರಿಜ್ ಒಡೆದ ಸುತ್ತಿಗೆಗೆ ಮ್ಯೂಸಿಯಂನಲ್ಲಿ ಜಾಗ ಸಿಕ್ಕಿದೆ, ಇವರಿಗೆ ಸಿಕ್ಕಿಲ್ಲ. ಇನ್ನೊಂದು ನನ್ನ ತಲೆ ಕೊರೆಯಿತು. ಬಾಸ್ ಇರಬಾರದು ಅಂತ ಆರ್ಡರ್ ಮಾಡಿದ್ದೂ ಬಾಸೇ. ಸುತ್ತಿಗೆ ಹಿಡಿಸಿದ 20 ವರ್ಷದ ಮೇಲೆ. ಮೊದಲ ದಿನವೇ "ನಿಮ್ಮಿಷ್ಟ, ನೋಡ್ಕೊಳ್ಳಿ" ಅಂದಿದ್ದರೆ ಆ ವರ್ಕ್‌ಶಾಪ್ ಮೂಲೆಗಳು ಏನಾಗುತ್ತಿದ್ದವೋ. ನೋಡಲು ಸಾಲಿನಲ್ಲಿ ನಿಂತ ನಾವೆಲ್ಲ, 500 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು 2016ರಲ್ಲಿ ಅಮೆರಿಕದ ಜಿಇ ಅಪ್ಲೈಯನ್ಸಸ್ ಕೊಂಡ ಕಥೆ ಮಾತ್ರ ಕೇಳಿಕೊಂಡು ಬರುತ್ತೇವೆ.

ದಿನ 8 – ಮಂಜು, ಮನೆ

ಬೆಳಗ್ಗೆ ಬಾದಾಗ್ವಾನ್ ಬೀದಿಗಳಲ್ಲಿ ನಡೆದೆ. ಒಂದೊಂದು ಬೀದಿಗೆ ಒಂದೊಂದು ಜಾತಿ ಮರ. ಎಲೆ ಹಳದಿಯಾಗಲು ಆಗಷ್ಟೇ ಶುರುವಾಗಿತ್ತು. ಮಂಜಿನಲ್ಲಿ ಸಮುದ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅಜ್ಜಿ ಬುತ್ತಿಗೆ ಎರಡು ಬಿಸಿ ಮಂಥೌ, ಹಬೆಯ ಬನ್ನು, ಕಟ್ಟಿಕೊಟ್ಟರು. ನಾನು ತಂದಿದ್ದ ಚಟ್ನಿಪುಡಿಯ ಕೊನೆಯ ಪೊಟ್ಟಣ ಅವರಿಗೆ ಕೊಟ್ಟೆ. ಮೂಸಿ, ಕೆಮ್ಮಿ, ಫ್ರಿಜ್ಜಿನಲ್ಲಿಟ್ಟರು. ಫ್ರಿಜ್ ಬೇರೆ ಕಂಪನಿಯದು.

ಎರಡು ದಿನ ಬಿಟ್ಟು ಪೀಣ್ಯಕ್ಕೆ ಹೋದೆ. ಸೂಪರ್‌ವೈಸರ್ ನನ್ನ ನೋಡಿ ಸ್ಕ್ರ್ಯಾಪ್ ಡಬ್ಬಿ ಮುಂದೆ ಹೋಗಿ ನಿಂತ. 64 ಬ್ರಾಕೆಟ್ ಅಂದ. ಡ್ರಾಯಿಂಗ್ ಹಿಂದುಮುಂದಾಗಿತ್ತು, ಈಗ ಪ್ರತಿ ಡ್ರಾಯಿಂಗಿಗೂ ಬಗ್ಗಿಸುವ ಕಡೆ ಕೆಂಪು ಬಾಣ ಹಾಕಿದ್ದಾನೆ, ತಾನೇ. ಚೆನ್ನಾಗಿದೆ ಅಂದೆ. ಮೂರು ಸಾವಿರ ರೂಪಾಯಿವರೆಗೆ ಇನ್ನು ನನ್ನ ಕೇಳಬೇಡ ಅಂದೆ. ಅವನು ಯೋಚಿಸಿ, "ಅದನ್ನ ಗೋಡೆ ಮೇಲೆ ಬರೆದು ಹಾಕ್ಲಾ ಸರ್?" ಅಂದ.

ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಮಿಡಿಯಾ ಕಥೆ ಹೇಳಿದೆ. ಬಾಟಲಿ ಮುಚ್ಚಳದಿಂದ ಶುರು ಮಾಡಿ, ಕುರ್ಚಿ ಬಿಟ್ಟುಕೊಟ್ಟಲ್ಲಿಗೆ ನಿಧಾನಕ್ಕೆ ಬಂದೆ. ಅಪ್ಪ ಮಜ್ಜಿಗೆ ಕಲಸುತ್ತಾ ಪೂರ್ತಿ ಕೇಳಿದರು.

"ಅವನ ಮಗ ಏನ್ ಮಾಡ್ತಾನೆ ಈಗ?"

"ಅವನದೇ ಬೇರೆ ಹೂಡಿಕೆ ಕಂಪನಿ ಇದೆ."

"ಹಂಗಾದ್ರೆ ಸರಿ" ಅಂದರು. ಕೈ ತೊಳೆದು ಬಂದು, ನಾನು ಇಟ್ಟಿದ್ದ ಮೂರು ಚೆಕ್ಕಿಗೆ ಸಹಿ ಹಾಕಿ, ಪೆನ್ನಿಗೆ ಕ್ಯಾಪ್ ಒತ್ತಿ ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.